ಹಾಲಮ್ಮನವರ ಜ್ವರಗಡ್ಡೆಯನ್ನು ಮೆಚ್ಚಿದ ಪ್ರೊಫೆಸರ್ ಸಾಹೇಬರಿಗೆ

ಅಮೃತಾಪುರ, ತರೀಕೆರೆ ತಾಲ್ಲೂಕು

ರೋಗಿಯ ಮಗ್ಗುಲಲ್ಲಿ ನಿಂತೇ ವೈದ್ಯ ಕಲಿಯಬೇಕೆಂದು ಬೋಧಿಸುವ ತಮಗೆ, ಆ ದಿನ ಅದೇ ಮಂಚದ ಇನ್ನೊಂದು ಮಗ್ಗುಲಲ್ಲಿ ನಿಂತಿದ್ದವನ ವಿನಯಪೂರ್ವಕ ನಮಸ್ಕಾರಗಳು.

ಮಾನ್ಯರೇ,

ಕಳೆದ ವಾರ ತಾವು ಮೆಡಿಕಲ್ ವಿದ್ಯಾರ್ಥಿಗಳೊಡನೆ ನಮ್ಮ ಮನೆಗೆ ದಯಮಾಡಿಸಿ, ಚಳಿಜ್ವರದಲ್ಲಿ ಮಲಗಿದ್ದ ನನ್ನ ಸೋದರತ್ತೆ ಹಾಲಮ್ಮನವರ ಎಡಹೊಟ್ಟೆಯಲ್ಲಿ ಗುಲ್ಮ ಊದಿ ಬೆಳೆದಿರುವ ಜ್ವರಗಡ್ಡೆಯನ್ನು ಮುಟ್ಟಿ, "ಆಹಾ, ಪುಸ್ತಕದಲ್ಲಿದ್ದ ಹಾಗೇ ಇದೆ!" ಎಂದು ಮೆಚ್ಚಿದ್ದಕ್ಕೆ ನಾವು ಋಣಿಗಳು. ಅತ್ತೆಯವರ ಯಾವ ಅಂಗವನ್ನೂ ಇದುವರೆಗೆ, ಮಾವನವರೂ ಸೇರಿ, ಯಾರೂ ಹೀಗೆ ಹೊಗಳಿರಲಿಲ್ಲ.

ಬಳಿಕ ವಿದ್ಯಾರ್ಥಿಗಳು ಸಾಲಾಗಿ ಬಂದು ಹೊಟ್ಟೆ ತಟ್ಟಿ ಸದ್ದು ಕೇಳಿದರು. ನಮ್ಮಲ್ಲಿ ತೆಂಗಿನಕಾಯಿಯನ್ನೂ ಹೀಗೆಯೇ ತಟ್ಟುತ್ತಾರೆ, ಆದರೆ ತಟ್ಟಿದವರಲ್ಲಿ ಒಬ್ಬರಾದರೂ ಏನಾದರೊಂದು ತೀರ್ಮಾನಕ್ಕೆ ಬರುತ್ತಾರೆ. ಚಳಿಜ್ವರದ ಮದ್ದಾದ ಕ್ವಿನೈನ್ ಕೊಟ್ಟರೆ ಲಕ್ಷಣಗಳು ಅಳಿಸಿಹೋಗುವುದರಿಂದ, ವಿದ್ಯಾರ್ಥಿಗಳೆಲ್ಲ ರೋಗವನ್ನು ಒಮ್ಮತದಿಂದ ಗುರುತಿಸುವವರೆಗೆ ಕೊಡಕೂಡದೆಂದು ತಾವು ಅಪ್ಪಣೆ ಮಾಡಿದ್ದಿರಿ. ನಾನು ಕಲಿತದ್ದು ಸಾಹಿತ್ಯ. ಗ್ರಂಥವನ್ನು ಎಷ್ಟು ಜನ ತಿರುವಿದರೂ ಅದಕ್ಕೆ ಚಳಿ ಹಿಡಿಯದಾದ್ದರಿಂದ, ತಮ್ಮ ಶಾಸ್ತ್ರದ ಕಷ್ಟ ನನಗೆ ತಿಳಿಯದು.

ಆದರೆ ಮನೆಗೆ ಬಂದವರು ಏನು ಕೇಳಿದರೂ ಇಲ್ಲವೆನ್ನಬಾರದೆಂಬುದು ಅತ್ತೆಯವರು ಬೆಳೆದು ಬಂದ ರೀತಿ. "ಕೆಮ್ಮು ಇದೆಯೇನಮ್ಮಾ?" ಎಂದವನಿಗೆ "ಐತಪ್ಪಾ" ಎಂದರು. ಎದೆನೋವು ಕೇಳಿದವನಿಗೆ "ಅದೂ ಐತೆ, ಮಗಾ" ಎಂದರು. ನಾನು ಬಗ್ಗಿ ಕಿವಿಯಲ್ಲಿ ಆಕ್ಷೇಪಿಸಿದರೆ, "ಸುಮ್ನಿರೋ ಲೇ, ಪಾಪ, ಅಷ್ಟು ದೂರದಿಂದ ಬಂದವ್ರೆ, ಬರಿಗೈಲಿ ಕಳ್ಸೋಕಾಯ್ತದಾ?" ಎಂದು ಗದರಿದರು. ಹೀಗಾಗಿ ಒಬ್ಬನಿಗೆ ಕ್ಷಯ ಸಿಕ್ಕಿತು, ಒಬ್ಬನಿಗೆ ಹೃದ್ರೋಗ, ಮತ್ತೊಬ್ಬನಿಗೆ ಮೂತ್ರಪಿಂಡದ ಬಾಧೆ. ಒಮ್ಮತ ಬರುವ ಮೊದಲೇ ತರೀಕೆರೆಯ ರೈಲಿಗೆ ಹೊತ್ತಾಯಿತು; ತಾವು ಹೊರಟಿರಿ, ಕ್ವಿನೈನೂ ತಮ್ಮ ಟ್ರಂಕಿನಲ್ಲೇ ಹೊರಟಿತು. ತರೀಕೆರೆಯ ಅಂಗಡಿಗಳಲ್ಲಿ ಅದರ ದಾಸ್ತಾನಿಲ್ಲ.

ಆದ್ದರಿಂದ, ಇಲ್ಲವೆನ್ನಲು ಬಾರದವರನ್ನು ಪ್ರಶ್ನಿಸುವುದು ಹೇಗೆಂಬ ಒಂದು ಪಾಠವನ್ನು ತಮ್ಮ ತರಗತಿಗೆ ಸೇರಿಸಬೇಕೆಂದೂ, ಅಲ್ಲಿಯವರೆಗೆ ಚಳಿಯು ಕಾಲೇಜಿನ ರಜೆಗಳನ್ನು ಪಾಲಿಸುವಂತೆ ಅದಕ್ಕೊಂದು ಆಜ್ಞೆ ಹೊರಡಿಸಬೇಕೆಂದೂ ಬೇಡುತ್ತೇನೆ.

ಮಂಚದ ಪಕ್ಕದಲ್ಲೇ ಕಾದಿರುವ,
ತಮ್ಮ ವಿಶ್ವಾಸಿ
ಸೋಮಶೇಖರಪ್ಪ, ಬಿ.ಎ.

ತಾ.ಕ.: ನಿನ್ನೆ ಮತ್ತೆ ಚಳಿ ಬಂತು. ಮೂರು ಕಂಬಳಿಯೊಳಗೆ ಹಲ್ಲು ಕಟಕಟಿಸುತ್ತಲೇ ಅತ್ತೆಯವರು ಕೇಳಿದರು: "ಆ ಹುಡುಗ್ರು ಪಾಸಾದ್ವೇನೋ?" ತಮ್ಮ ಉತ್ತರ ಎರಡೇ ಸಾಲಿನದಾದರೂ ಸಾಕು, ಅದನ್ನು ಕ್ವಿನೈನ್ ಪೊಟ್ಟಣದ ಮೇಲೆ ಬರೆದು ಕಳುಹಿಸಬೇಕಾಗಿ ಪ್ರಾರ್ಥನೆ.