ಭೂತಕಾಲದಲ್ಲಿ ಅತ್ತೆ

ನಿವೃತ್ತನಾದ ಗಂಡಸಿಗೆ ಏನಾದರೊಂದು ಕೆಲಸ ಹಚ್ಚುವುದು ಮನೆಯ ಹೆಂಗಸರು ತಮ್ಮ ನೆಮ್ಮದಿಗೆ ಕಂಡುಕೊಂಡ ಉಪಾಯ ಎಂದು ನನಗೆ ಈಗೀಗ ಅರ್ಥವಾಗುತ್ತಿದೆ. ಕೆಲಸವಿಲ್ಲದ ಗಂಡ ಅಡಿಗೆಮನೆಗೆ ಬಂದು ಡಬ್ಬಿಗಳ ಮುಚ್ಚಳ ತೆಗೆದು ನೋಡುತ್ತಾನೆ, ಸಾಸಿವೆ ಯಾಕೆ ಎರಡು ಕಡೆ ಇದೆ ಎಂದು ಕೇಳುತ್ತಾನೆ. ನಾನೂ ಕೇಳಿದೆ. ಸಾಗರದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿ, ಪ್ರಶ್ನೆ ಕೇಳುವುದನ್ನೇ ಹೊಟ್ಟೆಪಾಡು ಮಾಡಿಕೊಂಡವನು ಕೇಳದೆ ಇನ್ನೇನು ಮಾಡಲಿ? ಮೂರನೆಯ ವಾರಕ್ಕೆ ಸರಿಯಾಗಿ ಹೆಂಡತಿ ಸುಮಿತ್ರಾ ಮತ್ತು ಮಗಳು ವಿದ್ಯಾ ಸೇರಿ ನನ್ನನ್ನು 'ತೊಟ್ಟು' ಸಂಸ್ಥೆಯ ಬರವಣಿಗೆ ವಿಭಾಗಕ್ಕೆ ನೇಮಕ ಮಾಡಿಬಿಟ್ಟರು.

'ತೊಟ್ಟು' ಎಂದರೆ ಸುಮಿತ್ರಾ ಮಾಡಿ ಮಾರುವ ಅಪ್ಪೆಮಿಡಿ ಉಪ್ಪಿನಕಾಯಿ. ತೊಟ್ಟು ಸಮೇತ ಕೊಯ್ದ ಮಾವಿನ ಮಿಡಿ ಮಾತ್ರ ಜಾಡಿಯಲ್ಲಿ ಕೆಡದೆ ನಿಲ್ಲುತ್ತದಾದ್ದರಿಂದ ಆ ಹೆಸರು. ಹೆಸರಿಟ್ಟವಳು ವಿದ್ಯಾ. ಹೊಸನಗರದಲ್ಲಿ ಕೆಲಸದಲ್ಲಿರುವ ಅವಳು ಒಂದು ಭಾನುವಾರ ಬಂದು, ಅಮ್ಮನ ಉಪ್ಪಿನಕಾಯಿಗೆ ಫೇಸ್‌ಬುಕ್ಕಿನಲ್ಲಿ ಪೇಜು ಇದ್ದರೆ ಸಾಲದು, ಕಂಟೆಂಟ್ ಕ್ಯಾಲೆಂಡರ್ ಬೇಕು ಎಂದಳು. ಕ್ಯಾಲೆಂಡರ್ ಎಂದೊಡನೆ ನಾನು ಗೋಡೆ ನೋಡಿದೆ. ಅದಲ್ಲವಂತೆ. ತಿಂಗಳ ಒಂದೊಂದು ದಿನಕ್ಕೂ ಏನು ಹೇಳಬೇಕು, ಯಾವ ಫೋಟೋ ಹಾಕಬೇಕು, ಎಷ್ಟು ಗಂಟೆಗೆ ಹಾಕಬೇಕು ಎಂದು ಮೊದಲೇ ಬರೆದಿಡುವುದಂತೆ. ನನಗೆ ಒಳಗೊಳಗೇ ಖುಷಿಯಾಯಿತು. ಇದು ನಮ್ಮ ಪಾಠಯೋಜನೆಯೇ ಅಲ್ಲವೇ? ವ್ಯತ್ಯಾಸವೆಂದರೆ, ಪಾಠಯೋಜನೆಗೆ ಹೆಡ್‌ಮಾಸ್ಟರ ಸಹಿ ಬಿದ್ದ ಮೇಲೆ ತರಗತಿಯಲ್ಲಿ ನಾನು ಬಾಯಿಗೆ ಬಂದದ್ದು ಹೇಳುತ್ತಿದ್ದೆ. ಇಲ್ಲಿ ಹಾಗಲ್ಲ. ವಿದ್ಯಾ ಎಲ್ಲವನ್ನೂ ಒಟ್ಟಿಗೆ ತುಂಬಿಸಿಟ್ಟರೆ ಆಯಾ ಹೊತ್ತಿಗೆ ಅದು ತಾನಾಗಿಯೇ ಜಗತ್ತಿಗೆ ಹೋಗಿಬಿಡುತ್ತದೆ. ಪಾಸ್‌ವರ್ಡು ಅವಳೊಬ್ಬಳ ಹತ್ತಿರ.

ಬರೆಯಲು ಕೂತ ಮೇಲೆ ತಿಳಿಯಿತು, ಉಪ್ಪಿನಕಾಯಿಯ ಬಗ್ಗೆ ಮನುಷ್ಯ ಹೇಳಬಹುದಾದದ್ದು ಬಹಳ ಕಡಿಮೆ. ಹುಳಿ ಇದೆ, ಖಾರ ಇದೆ, ಮೊಸರನ್ನಕ್ಕೆ ಚೆನ್ನಾಗಿರುತ್ತದೆ. ಮೂರು ದಿನ ಮುಗಿಯಿತು. ನಾಲ್ಕನೆಯ ದಿನಕ್ಕೆ ಮಿಡಿಯ ಸ್ವಗತವೆಂದು ಷಟ್ಪದಿಯೊಂದನ್ನು ಕಟ್ಟಿದೆ. ವಿದ್ಯಾ ಓದಿ, ಅಪ್ಪಾ ಜನ ಹೆದರ್ತಾರೆ ಎಂದು ತೆಗೆದುಹಾಕಿದಳು. ಹಾಗೂ ಹೀಗೂ ಹದಿಮೂರು ದಿನ ತಳ್ಳಿದೆ. ಹದಿನಾಲ್ಕನೆಯ ದಿನದ ಬೆಳಗ್ಗೆಗೆ ಅವಳು 'ನಮ್ಮ ಹಿರಿಯರು' ಎಂದು ಗುರುತು ಹಾಕಿದ್ದಳು. ಅಲ್ಲಿ ನನ್ನ ಪೆನ್ನಿಗೆ ಬಲ ಬಂತು. ಸುಮಿತ್ರಾಗೆ ಉಪ್ಪಿನಕಾಯಿ ಕಲಿಸಿದವರು ಅವಳ ತಾಯಿ, ನನ್ನ ಅತ್ತೆ ಚೌಡಮ್ಮನವರು. ಈಗ ಮಂಡಿನೋವಿನಿಂದ ಜಾಡಿಗಳ ತಂಟೆಗೆ ಹೋಗದೆ ನಮ್ಮ ಮನೆಯಲ್ಲೇ ಇದ್ದಾರೆ. ನಾನು ಬರೆದೆ: "ಚೌಡಮ್ಮನವರು ತಕ್ಕಡಿಯನ್ನು ನಂಬಿದವರಲ್ಲ. ಉಪ್ಪನ್ನು ಅಂಗೈಯಲ್ಲೇ ಅಳೆಯುತ್ತಿದ್ದರು. ಮಿಡಿಯನ್ನು ಮೂಸಿ ನೋಡಿ ಅದು ಯಾವ ಹೊಳೆಯಂಚಿನ ಮರದ್ದೆಂದು ಹೇಳುತ್ತಿದ್ದರು. ಕೇಳಿದವರಿಗೆ ಇಲ್ಲವೆಂದವರಲ್ಲ. ಅವರ ಕೈರುಚಿ ನಮ್ಮ ಪ್ರತಿ ಜಾಡಿಯಲ್ಲೂ ಇಂದಿಗೂ ಜೀವಂತ." ವಿದ್ಯಾ ಮೆಚ್ಚಿದಳು. ಹಳೆಯ ಕಾಲದ ಕಳೆ ಬರಲೆಂದು ಅಜ್ಜಿಯ ಫೋಟೋವನ್ನು ಕಪ್ಪುಬಿಳುಪು ಮಾಡಿ ಸುತ್ತ ಮಲ್ಲಿಗೆ ಹೂವಿನ ಚೌಕಟ್ಟು ಹಾಕಿದಳು. ಇಷ್ಟಾದರೂ ನಮ್ಮಿಬ್ಬರಿಗೂ ಏನೂ ಹೊಳೆಯಲಿಲ್ಲ.

ಹದಿನಾಲ್ಕನೆಯ ದಿನ ಬೆಳಗ್ಗೆ ಏಳಕ್ಕೆ ಅದು ಹೊರಟಿತು. ಎಂಟು ಗಂಟೆಗೆ ಚಹಾ ಕುಡಿಯುತ್ತಾ ತೆರೆದು ನೋಡಿದರೆ ಕೆಳಗೆ ಸಾಲುಸಾಲಾಗಿ 'ಓಂ ಶಾಂತಿ'. ಒಬ್ಬರು ಆತ್ಮಕ್ಕೆ ಸದ್ಗತಿ ಕೋರಿದ್ದರು. ನನ್ನದೇ ಹಳೆಯ ವಿದ್ಯಾರ್ಥಿಯೊಬ್ಬ 'ಗುರುಗಳಿಗೆ ದುಃಖ ಭರಿಸುವ ಶಕ್ತಿ ಬರಲಿ' ಎಂದು, ಒಂದೇ ಒಂದು ಕಾಗುಣಿತದ ತಪ್ಪಿಲ್ಲದೆ ಬರೆದಿದ್ದ. ಪಾಪಿ, ಪರೀಕ್ಷೆಯಲ್ಲಿ ಹೀಗೆ ಬರೆಯಬಾರದಿತ್ತೇ? ನಾನು ಚಹಾ ಪಕ್ಕಕ್ಕಿಟ್ಟು, 'ಅವರು ಬದುಕಿದ್ದಾರೆ' ಎಂದು ಹಾಕಿದೆ. ಕೂಡಲೇ ಯಾರೋ ಉತ್ತರ ಕೊಟ್ಟರು, 'ನಿಜ ಸಾರ್, ನಮ್ಮೆಲ್ಲರ ನೆನಪಿನಲ್ಲಿ ಸದಾ ಬದುಕಿದ್ದಾರೆ.' ಅದಕ್ಕೆ ಹನ್ನೊಂದು ಜನ ಕೈಮುಗಿದರು.

ತೆಗೆಸೋಣವೆಂದು ವಿದ್ಯಾಗೆ ಫೋನು ಮಾಡಿದೆ. ಅವಳು ಗೆಳತಿಯ ನಿಶ್ಚಿತಾರ್ಥಕ್ಕೆಂದು ಕುಂದಾಪುರದ ಬಸ್ಸು ಹತ್ತಿ ಹುಲಿಕಲ್ ಘಾಟಿ ಇಳಿಯುತ್ತಿದ್ದಳು. ಆ ಕಾಡಿನಲ್ಲಿ ಫೋನಿಗೆ ಸಿಗ್ನಲ್ ಎಲ್ಲಿಂದ ಬರಬೇಕು? ಮತ್ತೆ ಮಾಡಿದೆ, ಮತ್ತೆ ಮಾಡಿದೆ. ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂಬ ಆ ಹೆಣ್ಣುದನಿಯ ಮೇಲೆ ನನಗೆ ಬಂದ ಕೋಪ ಹೇಳತೀರದು. ಇತ್ತ ಹಿಂದಿನ ಕೋಣೆಯಲ್ಲಿ ಸುಮಿತ್ರಾ ಜಾಡಿಗಳ ಬಾಯಿಗೆ ಬಟ್ಟೆ ಕಟ್ಟುತ್ತಿದ್ದಳು. ತೀರ್ಥಹಳ್ಳಿಯ ಒಂದು ಮದುವೆ ಮನೆಗೆ ಅವು ಹೋಗಬೇಕಿತ್ತು. ಮನೆಮನೆಗೆ ಒಂದೆರಡು ಬಾಟಲಿ ಮಾರಿಕೊಂಡಿದ್ದವಳಿಗೆ ಸಿಕ್ಕ ಮೊದಲ ದೊಡ್ಡ ಬೇಡಿಕೆ. ಮದುವೆ ಊಟದಲ್ಲಿ ನಾಲ್ಕು ಊರಿನ ಜನ ರುಚಿ ನೋಡಿದರೆ ಮುಂದೆ ಹಿಂತಿರುಗಿ ನೋಡಬೇಕಾಗಿಲ್ಲ ಎಂದು ತಿಂಗಳಿನಿಂದ ಅದೇ ಜಪ. ಹನ್ನೆರಡೂವರೆ ಬಸ್ಸಿಗೆ ಜಾಡಿಗಳನ್ನು ಹಾಕಬೇಕು. ಅವಳಿಗೆ ವಿಷಯ ಹೇಳುವ ಧೈರ್ಯ ನನಗಾಗಲಿಲ್ಲ.

ಹೇಳುವ ಕಷ್ಟವನ್ನು ಮದುವೆ ಮನೆಯ ಯಜಮಾನರೇ ತಪ್ಪಿಸಿದರು. ಒಂಬತ್ತೂವರೆಗೆ ಅವರ ಫೋನು ಬಂತು. ಮೊದಲು ಸಮಾಧಾನ ಹೇಳಿದರು. ದೊಡ್ಡ ಜೀವ, ನಮ್ಮಮ್ಮನೂ ಬಹಳ ನೊಂದುಕೊಂಡಿದ್ದಾರೆ ಎಂದರು. ಆಮೇಲೆ ತಡವರಿಸುತ್ತಾ ವಿಷಯಕ್ಕೆ ಬಂದರು. ಶುಭಕಾರ್ಯಕ್ಕೆ ಸೂತಕದ ಮನೆಯ ಉಪ್ಪಿನಕಾಯಿ ಬಡಿಸುವುದು ಹೇಗೆ, ಈ ಸಲಕ್ಕೆ ಬೇಡ. ಅಯ್ಯೋ ಅವರಿಗೆ ಏನೂ ಆಗಿಲ್ಲ, ಹಿತ್ತಿಲಲ್ಲಿ ಬಿಸಿಲು ಕಾಯಿಸುತ್ತಾ ಕೂತಿದ್ದಾರೆ ಎಂದು ನಾನು ಬಡಬಡಿಸಿದೆ.

"ಮೇಷ್ಟ್ರೇ, ವ್ಯಾಪಾರ ಹೋದ್ರೆ ಹೋಗ್ಲಿ. ಸಾವನ್ನ ಮುಚ್ಚಿಡಬಾರ್ದು" ಎಂದು ಅವರು ಫೋನಿಟ್ಟರು.

ತಿರುಗಿ ನೋಡಿದರೆ ಬಾಗಿಲಲ್ಲಿ ಸುಮಿತ್ರಾ. ನನ್ನ ಕೈಯಿಂದ ಫೋನು ತೆಗೆದುಕೊಂಡು ಪೋಸ್ಟನ್ನು ಎರಡು ಸಲ ಓದಿದಳು. ಬೈಯಲಿಲ್ಲ, ಅಳಲೂ ಇಲ್ಲ. ಮೂವತ್ತು ವರ್ಷ ವ್ಯಾಕರಣ ಕಲಿಸಿದ್ದು ಇದಕ್ಕೇನಾ ಎಂದಷ್ಟೇ ಕೇಳಿ, ಒಳಗೆ ಹೋಗಿ, ಕಟ್ಟಿದ್ದ ಜಾಡಿಗಳ ಬಟ್ಟೆಯನ್ನು ಒಂದೊಂದಾಗಿ ಬಿಚ್ಚತೊಡಗಿದಳು. ಅದನ್ನು ನೋಡಲು ನನ್ನಿಂದ ಆಗಲಿಲ್ಲ. ಇದ್ದುದೊಂದೇ ದಾರಿ. ಸತ್ತವರೇ ಮಾತಾಡಬೇಕು. ಆದರೆ ಎಂಬತ್ತರ ಹತ್ತಿರವಿರುವ ಅತ್ತೆಯ ಮುಂದೆ ನಿಂತು, ನೀವು ಇಂದು ಬೆಳಗ್ಗೆ ಏಳಕ್ಕೆ ತೀರಿಕೊಂಡಿರಿ ಎಂದು ಅಳಿಯನಾದವನು ಯಾವ ಬಾಯಲ್ಲಿ ಹೇಳುವುದು? ಅದೂ ತೀರಿಸಿದವನು ತಾನೇ ಆಗಿರುವಾಗ. ಅಷ್ಟರಲ್ಲಿ ಹನ್ನೊಂದು ಹೊಡೆಯಿತು. ಕ್ಯಾಲೆಂಡರಿನ ಪ್ರಕಾರ ಹೋಗಬೇಕಾದ ಎರಡನೆಯ ಪೋಸ್ಟು ಕರಾರುವಾಕ್ಕಾಗಿ ಹೋಯಿತು: 'ಇಂದು ನಮ್ಮ ಮನೆಯಲ್ಲಿ ಸಂಭ್ರಮವೋ ಸಂಭ್ರಮ! ಹೊಸ ಜಾಡಿ ತೆರೆದಿದ್ದೇವೆ, ಬನ್ನಿ.' ಅದರ ಕೆಳಗೆ ಯಾರೋ ಬರೆದರು, 'ಥೂ, ಹೆಣ ಎತ್ತೋ ತನಕನಾದ್ರೂ ತಡೀರಿ.' ನಾನು ಹಿತ್ತಿಲಿಗೆ ಓಡಿದೆ.

ಅತ್ತೆ ಪೂರ್ತಿ ಕೇಳಿಸಿಕೊಂಡರು. ಒಂದು ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟು, ಮದುವೆ ಮನೆಗೆ ಫೋನು ಹಚ್ಚಲು ಸನ್ನೆ ಮಾಡಿದರು. ಯಜಮಾನರು ಎತ್ತಿದಾಗ ಅವರಿಗೆ ಏನನ್ನೂ ವಿವರಿಸಲು ಹೋಗದೆ, ನಿಮ್ಮಮ್ಮನಿಗೆ ಕೊಡಿ ಎಂದರು. ಆ ಅಜ್ಜಿ ಅತ್ತೆಯ ಹಳೆಯ ಪರಿಚಯದವರು. ಈ ಬೇಡಿಕೆ ಬಂದದ್ದೇ ಅವರಿಂದ.

"ಪುಟ್ಟಮ್ಮಾ, ನಾ ಚೌಡಮ್ಮ. ಹೋದ್ವರ್ಷ ಕೊಟ್ಟ ಜಾಡಿಗೆ ಒದ್ದೆ ಸೌಟು ಹಾಕಿ ಹಾಳು ಮಾಡ್ದೆಯಲ್ಲ, ಅದು ಮರ್ತಿಲ್ಲ ನಾನು. ಈ ಸಲನಾದ್ರೂ ಒಣಗಿದ್ದು ಹಾಕು."

ಆ ಕಡೆಯಿಂದ ಬಂದ ನಗು ಹಿತ್ತಿಲಿಗೆಲ್ಲ ಕೇಳಿಸಿತು. ಒದ್ದೆ ಸೌಟಿನ ಸಂಗತಿ ಅವರಿಬ್ಬರಿಗೆ ಬಿಟ್ಟರೆ ಮೂರನೆಯವರಿಗೆ ಗೊತ್ತಿರಲಿಲ್ಲವಂತೆ. ಯಜಮಾನರು ನನ್ನಲ್ಲಿ ಎರಡು ಸಲ ಕ್ಷಮೆ ಕೇಳಿದರು. ಸುಮಿತ್ರಾ ಮತ್ತೆ ಬಟ್ಟೆ ಕಟ್ಟಿದಳು, ನಾನು ಆಟೋ ತಂದೆ, ಜಾಡಿಗಳು ಬಸ್ಸು ಹತ್ತಿದವು. ಘಾಟಿ ಇಳಿದು ನಿಶ್ಚಿತಾರ್ಥದ ಗದ್ದಲದಲ್ಲಿದ್ದ ವಿದ್ಯಾ ಮಧ್ಯಾಹ್ನ ಫೋನು ಮಾಡಿ, ವಿಷಯ ತಿಳಿದು, ಎರಡನ್ನೂ ಈಗಲೇ ಅಳಿಸುತ್ತೇನೆ ಎಂದಳು.

ಅಳಿಸುವ ಮೊದಲು ತನಗೊಮ್ಮೆ ಓದಿ ಹೇಳಬೇಕೆಂದು ಅತ್ತೆ ಹಟ ಹಿಡಿದರು. ಓದಿದೆ. ಉಪ್ಪು ಅಳೆಯುತ್ತಿದ್ದದ್ದು, ಮಿಡಿ ಮೂಸುತ್ತಿದ್ದದ್ದು, ಇಲ್ಲವೆನ್ನದ ಕೈ, ಎಲ್ಲ. ಅವರ ಕಣ್ಣು ಒದ್ದೆಯಾಯಿತು. ಇಷ್ಟು ವರ್ಷ ಅವರ ಉಪ್ಪಿನಕಾಯಿ ತಿಂದು ಒಂದು ದಿನವೂ ಚೆನ್ನಾಗಿದೆ ಎಂದು ಎದುರಿಗೆ ಹೇಳದ ನನಗೆ ನಿಜವಾಗಿ ನಾಚಿಕೆಯಾಯಿತು. ನಮ್ಮಲ್ಲಿ ಅತ್ತೆಯಾದವರು ಅಳಿಯನೊಡನೆ ನೇರವಾಗಿ ಮಾತಾಡುವುದು ಕಡಿಮೆ. ಮೇಷ್ಟ್ರಿಗೆ ಊಟಕ್ಕೆ ಬರಕ್ಕೆ ಹೇಳು ಎಂದು ಮಗಳ ಮೂಲಕವೇ ಎಲ್ಲ. ಅವತ್ತು ಮಾತ್ರ ನನ್ನ ಮುಖ ನೋಡಿಯೇ ಹೇಳಿದರು.

"ಚಲೋ ಬರ್ದಿದೀರಿ. ಅಳಿಸ್ಬೇಡಿ, ಎಲ್ಲಾದ್ರೂ ತೆಗೆದಿಟ್ಕಳಿ. ಮುಂದೆ ಬೇಕಾಗ್ತದೆ, ಆಗ ಬರೆಯಕ್ಕೆ ನಿಮಗೆ ಪುರುಸೊತ್ತು ಇರದಿಲ್ಲ. ಹಂಗೇ ನಿಮ್ಮದೂ ಒಂದು ಬರ್ದಿಡಿ. ನಿಮಗೆ ಇಷ್ಟು ಚಂದ ಬರ್ಕೊಡೋರು ಯಾರಿದಾರೆ?"

ಮಾತಿನಲ್ಲಿ ಸತ್ಯವಿತ್ತು. ಮರುದಿನ ಮಧ್ಯಾಹ್ನ ಪೆನ್ನು ಹಿಡಿದು ಕೂತೆ. ಕಾಲ ಯಾವುದೆಂಬ ಗೊಂದಲವೇ ಇರಲಿಲ್ಲ. ಮೊದಲ ವಾಕ್ಯ ಸರಾಗವಾಗಿ ಬಂತು: 'ಅವರಿಗೆ ಉಪ್ಪಿನಕಾಯಿ ಎಂದರೆ ಬಹಳ ಇಷ್ಟವಿತ್ತು.' ಒಂದು ವಾರದಿಂದ ಎರಡನೆಯ ವಾಕ್ಯ ಹುಡುಕುತ್ತಿದ್ದೇನೆ. ಸುಮಿತ್ರಾಳನ್ನೇ ಕೇಳಿದೆ. ಅವಳು ಬಹಳ ಹೊತ್ತು ಯೋಚಿಸಿ, ಸಾಸಿವೆ ಎರಡು ಕಡೆ ಇದ್ದರೆ ಅವರಿಗೆ ಆಗುತ್ತಿರಲಿಲ್ಲ ಎಂದು ಬರೆಯಿರಿ ಎಂದಳು.