ಡಂಗುರದ ಕೈಲಿ ಹೇಳಿ ಕಳಿಸಿದ ಮಾತು

ಮುಖ ತೊಳೆಯುವಾಗ ಬಡಗಿಗೆ ಸೋಪಿನ ವಾಸನೆ ಬರಲಿಲ್ಲ. ಹೋಗಿ ಟರ್ಪೆಂಟೈನ್ ಡಬ್ಬಿಗೆ ಮೂಗಿಟ್ಟ. ನೀರಿನ ಕೊಡಕ್ಕೆ ಮೂಗಿಟ್ಟ ಹಾಗಾಯಿತು. ಕೊರೊನಾವೇ ಇರಬೇಕೆಂದು ಹೆಂಡತಿಯನ್ನು ಕೂಗಿದ.

ಬರಬಾರದ ದಿನವೇ ಬಂದಿತ್ತು ಈ ಕಾಯಿಲೆ. ಅಪ್ಪನ ಉಳಿ ಯಾರಿಗೆ ಸೇರಬೇಕೆಂಬ ಜಗಳದಲ್ಲಿ ಆರು ವರ್ಷ ಮಾತು ಬಿಟ್ಟಿದ್ದ ಅಣ್ಣ, ಅಂದು ಹನ್ನೊಂದು ಗಂಟೆಗೆ ಬರುತ್ತೇನೆಂದು ಅತ್ತಿಗೆಯ ಮೂಲಕ ತಿಳಿಸಿದ್ದ. ಅವನು ಕೂರಲೆಂದೇ ಹಿಂದಿನ ದಿನವೆಲ್ಲ ಬಾಗಿಲು ಮುಚ್ಚಿಕೊಂಡು ಬಡಗಿ ಒಂದು ಕುರ್ಚಿಗೆ ವಾರ್ನಿಷ್ ಬಳಿದಿದ್ದ.

ಹೆಂಡತಿ ಆಸ್ಪತ್ರೆಯ ನರ್ಸಮ್ಮನಿಗೆ ಫೋನ್ ಹಚ್ಚಿದಳು.

"ಒಂದು ರೂಮಲ್ಲಿ ಬೇರೆ ಇರ್ಲಿ. ಮಾಸ್ಕ್ ಹಾಕ್ಕೊಳ್ಲಿ, ಕಿಟಕಿ ತೆಗೆದಿಡಿ. ಉಸಿರಾಡೋಕೆ ಕಷ್ಟ ಆದ್ರೆ ತಕ್ಷಣ ಫೋನ್ ಮಾಡಿ. ನಾನು ಬಂದು ಟೆಸ್ಟಿಗೆ ಮೂಗಿನ ಸ್ಯಾಂಪಲ್ ತಗೊಳ್ತೀನಿ."

ಬಡಗಿ ಒಳಗೆ ಸೇರಿ ಬಾಗಿಲು ಹಾಕಿಕೊಂಡ.

"ಭಾವನವರಿಗೆ ದಮ್ಮು ಬೇರೆ ಇದೆ. ಬರಬೇಡಿ ಅಂತ ನೀವೇ ಒಂದು ಮಾತು ಹೇಳ್ರಿ," ಎಂದಳು ಹೆಂಡತಿ ಆಚೆಯಿಂದ.

"ಆರು ವರ್ಷದ ಮೇಲೆ ಮೊದಲನೇ ಮಾತು 'ಬರಬೇಡ' ಅಂತಲೇನೆ? ನನ್ನ ಬಾಯಲ್ಲಿ ಬರಲ್ಲ."

ಅಷ್ಟರಲ್ಲಿ ಕಿಟಕಿಯಲ್ಲಿ ಎದುರುಮನೆಯ ನಿವೃತ್ತ ಗುಮಾಸ್ತರ ಮುಖ ಮೂಡಿತು. ಬೀದಿಯೆಲ್ಲ ಅವರನ್ನು ಡಂಗುರ ಎನ್ನುತ್ತಿತ್ತು. "ಗೇಟಲ್ಲೇ ನಿಲ್ಲಿಸಿ ನಯವಾಗಿ ಹೇಳ್ತೀನಿ, ಬಿಡಿ," ಎಂದು ಕೆಮ್ಮಿದರು. ಮಾಸ್ಕು ಗದ್ದಕ್ಕೆ ಜೋಲಿ ಕಟ್ಟಿದಂತಿತ್ತು. ನರ್ಸಮ್ಮ ಬಂದಾಗ, "ಹೇಗೂ ಬಂದಿದ್ದೀರಿ, ನಂದೂ ಒಂದು ತಗೊಳ್ಳಿ," ಎಂದು ಮೂಗೊಡ್ಡಿದರು.

ಹನ್ನೊಂದಕ್ಕೆ ಅಣ್ಣ ಬಂದ. ಡಂಗುರ ಗೇಟಲ್ಲೇ ತಡೆದು, ತಮ್ಮನಿಗೆ ಮೈ ಸರಿಯಿಲ್ಲವಂತೆ ಎಂದರು. ಬಡಗಿ ಕಿಟಕಿಯ ಮರೆಯಲ್ಲಿ ಕಿವಿಯಾದ.

"ಜ್ವರ ಎಷ್ಟಿದೆಯಂತೆ?" ಅಣ್ಣನ ದನಿ ನಡುಗುತ್ತಿತ್ತು.

"ಜ್ವರ ಎಲ್ಲಿ ಬಂತು ಸ್ವಾಮಿ? ಬೆಳಿಗ್ಗೆ ಗುಂಡುಕಲ್ಲಿನ ಹಾಗಿದ್ರು. ನೀವು ಬರೋ ಮಾತು ಎತ್ತಿದ್ದೇ ತಡ, ಬಾಗಿಲು ಹಾಕ್ಕೊಂಡ್ರು."

ಬಡಗಿ ಕೂಗಬೇಕೆಂದುಕೊಂಡ. ಮೊದಲು ಅಣ್ಣನೇ ಕರೆಯಲಿ ಎಂದು ಕಾದ. ಡಂಗುರ ಅಣ್ಣನ ಭುಜ ಹಿಡಿದು ಅರ್ಧ ಗಂಟೆ ಸಮಾಧಾನ ಹೇಳಿದರು. ಅಣ್ಣ ತಂದಿದ್ದ ಬಟ್ಟೆಯ ಗಂಟನ್ನು ಕಂಕುಳಲ್ಲಿ ಒತ್ತಿಕೊಂಡು ಹಿಂದಿರುಗಿದ. ಅದರ ತುದಿಯಲ್ಲಿ ಅಪ್ಪನ ಉಳಿಯ ಹಿಡಿ ಇಣುಕುತ್ತಿತ್ತು.

ಸಂಜೆ ನರ್ಸಮ್ಮನ ಫೋನ್ ಬಂತು. "ನಿಮಗೇನಿಲ್ಲ. ವಾರ್ನಿಷ್ ಘಾಟಿಗೆ ಮೂಗು ಸತ್ತಿರಬೇಕು."

ಬಡಗಿ ಚಪ್ಪಲಿ ಮೆಟ್ಟಿದ. "ಈಗಲೇ ಹೋಗಿ ಅಣ್ಣನ ಕಾಲಿಗೆ ಬೀಳ್ತೀನಿ," ಎಂದ ಫೋನಿನಲ್ಲೇ.

"ಎಲ್ಲಿಗೆ ಹೊರಟ್ರಿ?" ನರ್ಸಮ್ಮ ತಡೆದರು. "ಎದುರುಮನೆಯವರಿಗೆ ಪಾಸಿಟಿವ್ ಬಂದಿದೆ. ಅವರ ಹತ್ರ ನಿಂತು ಮಾತಾಡಿದವರೆಲ್ಲ ಒಳಗಿರಬೇಕು. ನಿಮ್ಮಣ್ಣನಿಗೂ ಈಗ ತಾನೇ ಹೇಳ್ದೆ."

ಬಡಗಿ ಚಪ್ಪಲಿ ಬಿಟ್ಟು ಅದೇ ರೂಮಿಗೆ ಮರಳಿದ. ದಮ್ಮಿನ ಅಣ್ಣನನ್ನು ಕಾಪಾಡಲು ಹೋಗಿ ರೋಗದ ಕೈಗೇ ಕೊಟ್ಟೆನಲ್ಲ. ಬೆಳಿಗ್ಗೆ ತಾನೇ ಒಂದು ಮಾತು ಆಡಿದ್ದರೆ ಮುಗಿದುಹೋಗುತ್ತಿತ್ತು. ಕಣ್ಣೊರೆಸಿಕೊಂಡು, ಆರು ವರ್ಷದಲ್ಲಿ ಮೊದಲ ಸಲ ಅಣ್ಣನ ನಂಬರ್ ಒತ್ತಿದ. ಬಿಜಿ. ಮತ್ತೆ ಒತ್ತಿದ. ಬಿಜಿ.

"ಬೇಕೆಂದೇ ಬಿಜಿ ಇಟ್ಟಿದ್ದಾನೆ," ಎಂದು ನಿಟ್ಟುಸಿರುಬಿಟ್ಟು ಫೋನನ್ನು ದಿಂಬಿನಡಿ ತುರುಕಿದ.

ನಾಲ್ಕು ಬೀದಿಯಾಚೆ ಇನ್ನೊಂದು ಮುಚ್ಚಿದ ರೂಮಿನಲ್ಲಿ ಅಣ್ಣನೂ ಅದೇ ಹೊತ್ತಿಗೆ ತಮ್ಮನ ನಂಬರನ್ನು ಎರಡು ಸಲ ಒತ್ತಿ, ಬಿಜಿ ಎಂದು ಕೇಳಿಸಿಕೊಂಡು, ಅದೇ ಮಾತು ಹೇಳಿ, ಫೋನ್ ಆರಿಸಿ ಗೋಡೆ ಕಡೆ ತಿರುಗಿ ಮಲಗಿದ.