ತಪ್ಪು ಕಾಫಿಯದೋ, ಲೋಟದ್ದೋ?

ನಮ್ಮ ಮನೆಯವರಿಗೆ ಸರಿಯಾಗಿ ನಡೆಯುವ ವಸ್ತುಗಳ ಮೇಲೆ ಒಂದು ಚೂರೂ ಪ್ರೀತಿಯಿಲ್ಲ! ಮಿಕ್ಸಿ ತಿರುಗುವಷ್ಟು ದಿನ ಅದರ ಮುಖ ನೋಡುವುದಿಲ್ಲ. ಅದು ಗರ್ರ್ ಎಂದು ನಿಂತಿತೋ, ಹೊಸ ಅಳಿಯ ಬಂದ ಹಾಗೆ ಉಪಚಾರ ಶುರು. ಎದುರಿಗೆ ಮಣೆ ಹಾಕಿ ಕೂತು, ಕನ್ನಡಕ ಏರಿಸಿ, "ಎಂತ ಆಯ್ತಪ್ಪ ನಿಂಗೆ?" ಎಂದು ವಿಚಾರಿಸುತ್ತಾರೆ. ಇಷ್ಟು ನಯವಾಗಿ ನನ್ನನ್ನು ಒಂದು ದಿನ ವಿಚಾರಿಸಿದ್ದುಂಟೇ? ಇಲ್ಲ. ಯಾಕೆಂದರೆ ನಾನು ಇನ್ನೂ ನಡೆಯುತ್ತಿದ್ದೇನೆ!

ಅವರ ಹೆಸರು ಹೇಳುವುದಿಲ್ಲ. ನಮ್ಮ ಕಾಲದವರು ಗಂಡನ ಹೆಸರು ಹೇಳುವುದಿಲ್ಲ ಎಂಬುದು ಒಂದು ಕಾರಣ. ಅವರು ರಿಪೇರಿ ಮಾಡಿಕೊಟ್ಟ ಇಸ್ತ್ರಿಪೆಟ್ಟಿಗೆಗಳ ಯಜಮಾನರು ಮುಂಬೈಯ ಚೆಂಬೂರಿನಲ್ಲಿ ಇವರನ್ನು ಇನ್ನೂ ಹುಡುಕುತ್ತಿರಬಹುದು ಎಂಬುದು ಇನ್ನೊಂದು.

ನಾನು ನಾಲ್ಕನೇ ಕ್ಲಾಸಿನ ತನಕ ಓದಿದವಳು. ತಪ್ಪಿದ್ದರೆ ತಿದ್ದಿಕೊಂಡು ಓದಿ. ಆದರೆ ಇವತ್ತು ಬರೆಯದೆ ಕೂರಲು ನನ್ನಿಂದ ಆಗುವುದಿಲ್ಲ. ಬೆಳಿಗ್ಗೆ ಬಿಲ್ಡಿಂಗಿನ ನಾಲ್ಕು ಮಾಳಿಗೆಗೂ ಪೇಡೆ ಹಂಚಿ ಬಂದೆ. ಎರಡನೇ ಮಾಳಿಗೆಯವರಿಗೆ ಎರಡು ಸಲ ಕೊಟ್ಟೆನಂತೆ. ಕೊಟ್ಟರೆ ಕೊಟ್ಟೆ! ಯಾಕೆ ಎಂದು ಆಮೇಲೆ ಹೇಳುತ್ತೇನೆ.

ಇವರು ನಲವತ್ತು ವರ್ಷ ಮಾಟುಂಗಾದ ಹೋಟೆಲೊಂದರಲ್ಲಿ ಸಪ್ಲೈಯರ್ ಆಗಿದ್ದವರು. ಎಡಗೈಯ ಮೇಲೆ ಮಣಿಕಟ್ಟಿನಿಂದ ಭುಜದ ತನಕ ಎಂಟು ದೋಸೆ ತಟ್ಟೆ ಜೋಡಿಸಿಕೊಂಡು ಹೋದರೆ ಚಟ್ನಿಯೂ ಕದಲುತ್ತಿರಲಿಲ್ಲವಂತೆ. ಗಿರಾಕಿ "ಕಾಫಿ ವಾಸನೆ" ಎಂದರೆ ಬೇರೆ ಸಪ್ಲೈಯರುಗಳು ಒಳಗೆ ಓಡಿ ಅಡುಗೆಯವರ ಜೊತೆ ಜಗಳ ಹಿಡಿಯುತ್ತಿದ್ದರು. ಇವರು ಹಾಗಲ್ಲ. ಅದೇ ಕಾಫಿಯನ್ನು ಬೇರೆ ಲೋಟಕ್ಕೆ ಸುರಿದು ಮೂಸಿ ನೋಡುತ್ತಿದ್ದರು. ವಾಸನೆ ಹೋಯಿತೋ, ತಪ್ಪು ಲೋಟದ್ದು, ಸರಿಯಾಗಿ ತೊಳೆದಿಲ್ಲ. ಹೋಗಲಿಲ್ಲವೋ, ತಪ್ಪು ಕಾಫಿಯದು. ಇಷ್ಟೇ!

ಹೋಟೆಲಿನಲ್ಲಿ ಬಿಟ್ಟು ಬರಬೇಕಾದ ಈ ವಿದ್ಯೆಯನ್ನು ಮನೆಗೂ ತಂದರು ನೋಡಿ, ಅಲ್ಲಿಗೆ ನನ್ನ ಸಂಸಾರ ಕೆಟ್ಟಿತು. ಮಗ ಲೆಕ್ಕದಲ್ಲಿ ಫೇಲಾದಾಗ "ಲೋಟ ಬದಲಿಸಿ ನೋಡುವ" ಎಂದು ಶಾಲೆಗೆ ಹೋಗಿ ಅವನನ್ನು ಕೊನೆಯ ಬೆಂಚಿನಿಂದ ಎಬ್ಬಿಸಿ ಮೊದಲ ಬೆಂಚಿನಲ್ಲಿ ಕೂರಿಸಿ ಬಂದರು. ಮುಂದಿನ ಸಲ ಅವನು ಮೊದಲ ಬೆಂಚಿನಿಂದಲೇ ಫೇಲಾದ. "ಹಾಗಾದ್ರೆ ಕಾಫಿಯೇ ಹಾಗೆ" ಎಂದು ನಿಟ್ಟುಸಿರು ಬಿಟ್ಟರು.

ಅವರ ಗೊರಕೆಯ ಬಗ್ಗೆ ನಾನು ದೂರಿದಾಗ ಏನು ಮಾಡಿದರು ಗೊತ್ತೇ? ನನ್ನ ಚಾಪೆಯನ್ನು ಎತ್ತಿ ಹಾಲ್‌ನಲ್ಲಿ ಹಾಸಿದರು! ಬೆಳಿಗ್ಗೆ ಕೇಳಿದರು:

"ಗೊರಕೆ ಕೇಳಿತಾ?"

"ಇಲ್ಲ."

"ನೋಡು, ತಪ್ಪು ನಿನ್ನ ಜಾಗದ್ದು ಮಾರಾಯ್ತಿ. ನನ್ನದಲ್ಲ."

ಆದರೆ ಎರಡು ವರ್ಷದಿಂದ ಅವರ ಕೈ ನಡುಗುತ್ತದೆ. ವಯಸ್ಸಿನದು, ಹೆದರಬೇಡಿ ಎಂದರು ಡಾಕ್ಟರರು. ಅಂದಿನಿಂದ ಮನೆಗೆ ಯಾರಾದರೂ ಬಂದರೆ ಇವರು ಕಾಫಿ ಮುಟ್ಟುವುದಿಲ್ಲ. "ನನ್ನದು ಈಗಷ್ಟೇ ಆಯ್ತು" ಎನ್ನುತ್ತಾರೆ. ನಾವಿಬ್ಬರೇ ಇರುವಾಗ ನಾನು ಅರ್ಧ ಲೋಟ ಮಾತ್ರ ಕೊಡುತ್ತೇನೆ, ಹಾಲು ಕಡಿಮೆ ಬಂತು ಎನ್ನುತ್ತೇನೆ. ಎರಡು ವರ್ಷದಿಂದ ಹಾಲು ಕಡಿಮೆಯೇ ಬರುತ್ತಿದೆ! ಅವರೂ ಕೇಳಿಲ್ಲ, ನಾನೂ ಹೇಳಿಲ್ಲ.

ಈಗ ಲ್ಯಾಪ್‌ಟಾಪಿನ ವಿಷಯಕ್ಕೆ ಬರುತ್ತೇನೆ.

ನಮ್ಮ ಮೊಮ್ಮಗಳು ಪ್ರಾಚಿಗೆ ಪುಣೆಯ ಕಾಲೇಜೊಂದರಲ್ಲಿ ಮುಂದಿನ ಓದಿಗೆ ಸೀಟು ಬೇಕಿತ್ತು. ಇಂಟರ್‌ವ್ಯೂ ಹೋದ ತಿಂಗಳು ಒಂದು ದಿನ, ಬೆಳಿಗ್ಗೆ ಹನ್ನೊಂದು ಗಂಟೆಗೆ, ಮನೆಯಿಂದಲೇ. ಮಳೆಗಾಲದಲ್ಲಿ ನೀರು ನಿಲ್ಲುವ ರಸ್ತೆಗಳ ಬಗ್ಗೆ ತಾನು ಮಾಡಿದ ಪ್ರಾಜೆಕ್ಟನ್ನು ಚಿತ್ರ ತೋರಿಸಿ ವಿವರಿಸಬೇಕು. ಮೊಬೈಲ್ ಕೂಡದು, ಲ್ಯಾಪ್‌ಟಾಪೇ ಆಗಬೇಕು ಎಂದು ಕಾಲೇಜಿನವರ ಕಟ್ಟಪ್ಪಣೆ. ಮಗ ಸೊಸೆ ಇಬ್ಬರೂ ಬಾಂದ್ರಾದ ಆಫೀಸಿಗೆ ಹೋಗಿದ್ದರು. ಹತ್ತು ಗಂಟೆಗೆ ಒಳಗಿಂದ ಕೂಗು:

"ಅಜ್ಜೀ! ಸ್ಕ್ರೀನ್ ಗಯಾ!"

ಓಡಿ ಹೋಗಿ ನೋಡಿದೆ. ಅಕ್ಷರಗಳನ್ನೆಲ್ಲ ಶ್ಯಾವಿಗೆ ಒರಳಿಗೆ ಹಾಕಿ ಒತ್ತಿದ ಹಾಗೆ ಗೆರೆ ಗೆರೆ! ನಡುವೆ ಹಸಿರು ನೇರಳೆ ಪಟ್ಟಿ. ಇವರ ಹಳೆಯ ಲುಂಗಿಯನ್ನು ಯಾರೋ ಒಳಗೆ ಒಣಗಲು ಹಾಕಿದ ಹಾಗೆ ಕಂಡಿತು. ಪ್ರಾಚಿ ಮೂರು ಸಲ ಬಂದ್ ಮಾಡಿ ಚಾಲೂ ಮಾಡಿದಳು. ಲುಂಗಿ ಹೋಗಲಿಲ್ಲ. ರಿಪೇರಿಯವನಿಗೆ ಫೋನ್ ಮಾಡಿದರೆ "ನಾಲ್ಕು ದಿನ ಬಿಟ್ಟು ಹೋಗಿ" ಎಂದ. ನಾನು ದೇವರ ಮುಂದಿನಿಂದ ವಿಭೂತಿ ತಂದೆ.

"ಅಜ್ಜೀ, ಪ್ಲೀಸ್, ಅದಕ್ಕೆ ಪೌಡರ್ ಹಾಕ್ಬೇಡ!" ಎಂದು ಮಗು ಅಳತೊಡಗಿದಳು.

ಅಷ್ಟರಲ್ಲಿ ಇವರು ಬಂದರು. ಮುಖದಲ್ಲಿ ಆನಂದವೋ ಆನಂದ! ಏನೋ ಕೆಟ್ಟಿದೆಯಲ್ಲ!

"ಅಜ್ಜಾ, ಹಾತ್ ಮತ್ ಲಗಾವೋ!"

"ಕೈ ಹಚ್ಚುವುದಿಲ್ಲ ಮಗಾ, ಮುಚ್ಚಳ ಮಾತ್ರ" ಎಂದು ಪರದೆಯನ್ನು ಮೆಲ್ಲಗೆ ಮುಂದಕ್ಕೆ ಬಾಗಿಸಿದರು. ಒಂದು ಗಳಿಗೆ ಗೆರೆಗಳೆಲ್ಲ ಮಾಯವಾಗಿ, ಚೊಕ್ಕ ಅಕ್ಷರ ಕಂಡು, ಮತ್ತೆ ಲುಂಗಿ.

"ಕಂಡಿತಾ? ಕಾಫಿ ಒಳ್ಳೇದುಂಟು. ಲೋಟ ಹಾಳಾಗಿದೆ. ಬೇರೆ ಲೋಟ ತನ್ನಿ!"

ಬೇರೆ ಲೋಟ ಎಲ್ಲಿಂದ ತರುವುದು? ಇವರು ಲ್ಯಾಪ್‌ಟಾಪಿನ ಪಕ್ಕದ ಚಪ್ಪಟೆ ತೂತನ್ನು ನೋಡಿದರು. "ಈ ಬಾಯಿ ನಾನು ಎಲ್ಲೋ ನೋಡಿದ್ದೇನೆ" ಎಂದರು. ಸೀದಾ ಹಾಲ್‌ಗೆ ಹೋಗಿ, ಟಿವಿಯ ಸೆಟ್‌ಟಾಪ್ ಬಾಕ್ಸಿನ ವೈರು ಕಿತ್ತು, ಒಳಗಿಂದ ತರಿಸಿದ ಲ್ಯಾಪ್‌ಟಾಪಿಗೆ ಚುಚ್ಚಿದರು. ಅಬ್ಬಾ! ಗೋಡೆಯ ಟಿವಿಯ ತುಂಬ ಪ್ರಾಚಿಯ ರಸ್ತೆಗಳು, ನೀರು, ಅಕ್ಷರ, ಎಲ್ಲ ಫಳಫಳ!

"ಅಜ್ಜಾ, ಜೀನಿಯಸ್!" ಎಂದು ಅವಳು ಕುಣಿದಳು. ನಾನೂ ಕುಣಿದೆ. ಮೊಣಕಾಲು ನೋವು ನೆನಪಾದದ್ದು ಆಮೇಲೆ.

ಆದರೆ ಆ ಟಿವಿ ಇರುವುದು ಎಲ್ಲಿ? ನನ್ನ ಕೈಗೂ ಎಟುಕದ ಎತ್ತರದಲ್ಲಿ! ಗೋಡೆಗೆ ಬಡಿದವರು ಇವರೇ. ಹೋಟೆಲಿನ ಹಾಗೆ ಎಲ್ಲ ಗಿರಾಕಿಗಳಿಗೂ ಕಾಣಬೇಕಂತೆ. ಮನೆಯಲ್ಲಿ ಗಿರಾಕಿ ಯಾರು? ನಾನೊಬ್ಬಳು! ಕತ್ತು ನೋವು ಎಂದರೆ ದಿಂಬು ಬದಲಿಸಿ ಕೊಟ್ಟಿದ್ದರು. ಈಗ ನೋಡಿದರೆ ವೈರು ಎರಡು ಮೊಳದಷ್ಟೇ ಉದ್ದ, ಲ್ಯಾಪ್‌ಟಾಪು ಟಿವಿಯ ಕೆಳಗೆ ಎದೆಯ ಎತ್ತರದಲ್ಲಿ ನಿಲ್ಲಬೇಕು. ಟೀಪಾಯಿ ಸಾಲದು. ಟೀಪಾಯಿಯ ಮೇಲೆ ಸ್ಟೂಲ್ ಇಟ್ಟರೆ ಅದು ಕುಣಿಯುತ್ತದೆ. ಗಂಟೆ ಹನ್ನೊಂದಕ್ಕೆ ಐದು ನಿಮಿಷ.

ಇವರು ಬನಿಯನ್ನಿನ ಮೇಲೆ ಶರಟು ಹಾಕಿ ಬಂದರು. ಎಡಗೈ ಚಾಚಿದರು. "ಇಡು ಇಲ್ಲಿ."

"ಮಾರಾಯ್ರೆ, ನಿಮ್ಮ ಕೈ..." ಎಂದೆ.

"ಇಡು ಅಂದೆನಲ್ಲ."

ಇಟ್ಟೆವು. ಮಣಿಕಟ್ಟು, ಮುಂಗೈ, ಭುಜ, ಅದೇ ಹಳೆಯ ಭಂಗಿ. ಪ್ರಾಚಿ ಎದುರಿಗೆ ಕುರ್ಚಿಯಲ್ಲಿ ಕೂತಳು. ಕ್ಯಾಮರಾ ಅವಳ ಕಡೆ, ಅವಳ ಕಣ್ಣು ಟಿವಿಯ ಕಡೆ. ಅವಳು "ನೆಕ್ಸ್ಟ್" ಎಂದಾಗ ಇವರು ಬಲಗೈಯ ಬೆರಳಿನಿಂದ ಒಂದು ಗುಂಡಿ ಒತ್ತಬೇಕು. ಮೊದಲ ಐದು ನಿಮಿಷ ಕಲ್ಲಿನ ಹಾಗೆ ನಿಂತರು. ಆಮೇಲೆ ಮುಂಗೈ ಮೆಲ್ಲಗೆ ನಡುಗಲು ಶುರುವಾಯಿತು. ನಾನು ಅಡುಗೆಮನೆಯ ಬಾಗಿಲಲ್ಲಿ ಸೆರಗು ಕಚ್ಚಿಕೊಂಡು ನಿಂತಿದ್ದೆ.

ಟಿವಿಯೊಳಗಿಂದ ಪುಣೆಯ ಮೇಡಂ, ಚಿತ್ರ ಯಾಕೆ ಅಲ್ಲಾಡುತ್ತಿದೆ ಎಂದು ಕೇಳಿಯೇಬಿಟ್ಟರು: "ಬೇಟಾ, ತುಮ್ಹಾರಾ ಪಿಕ್ಚರ್ ಹಿಲ್ ಕ್ಯೂಂ ರಹಾ ಹೈ?"

ಇವರ ಮುಖದ ಬಣ್ಣವೇ ಹೋಯಿತು. ಕೈ ಇನ್ನೂ ಜೋರಾಗಿ ನಡುಗಿತು. ಈ ಹುಡುಗಿಯ ಸೀಟು ತನ್ನ ಕೈಯಿಂದಲೇ ಬೀಳುತ್ತದೆ ಎಂದು ಅವರಿಗೆ ಅನಿಸಿದ್ದು ನನಗೆ ನಿಂತಲ್ಲಿಂದಲೇ ಕಂಡಿತು.

ಪ್ರಾಚಿ ಕಣ್ಣು ಮಿಟುಕಿಸಲಿಲ್ಲ. "ಸಾರಿ ಮ್ಯಾಮ್, ಹಮಾರಾ ಘರ್ ರೇಲ್ವೇ ಲೈನ್ ಕೆ ಪಾಸ್ ಹೈ. ಟ್ರೈನ್ ಜಾ ರಹೀ ಹೈ."

"ಅಚ್ಛಾ ಅಚ್ಛಾ, ಮುಂಬೈ!" ಎಂದು ಮೇಡಂ ನಕ್ಕರು.

ನಮ್ಮ ಮನೆ ರೈಲು ಹಳಿಯ ಪಕ್ಕದಲ್ಲಂತೆ, ಟ್ರೈನು ಹೋಗುತ್ತಿದೆಯಂತೆ! ನಮ್ಮ ಬಿಲ್ಡಿಂಗಿನಿಂದ ಸ್ಟೇಷನ್ನಿಗೆ ರಿಕ್ಷಾದಲ್ಲಿ ಹತ್ತು ನಿಮಿಷ! ಟ್ರೈನಿನ ಸದ್ದು ಕೇಳಬೇಕಾದರೆ ಟೆರೇಸಿಗೆ ಹೋಗಿ ಕಿವಿಗೆ ಕೈ ಕೊಟ್ಟು ನಿಲ್ಲಬೇಕು. ಆ ದಿನ ಮಾತ್ರ ಆ ಟ್ರೈನು ನಮ್ಮ ಹಾಲ್‌ನ ಪಕ್ಕದಲ್ಲಿ ಇಪ್ಪತ್ತೈದು ನಿಮಿಷ ಹೋಯಿತು. ಇಂಟರ್‌ವ್ಯೂ ಮುಗಿಯುವ ತನಕ ಅದರ ಡಬ್ಬಿಗಳು ಮುಗಿಯಲೇ ಇಲ್ಲ.

ಎಲ್ಲ ಮುಗಿದು ಕೈ ಇಳಿಸಿದ ಮೇಲೆ ಇವರು ನನ್ನನ್ನು ಮೆಲ್ಲಗೆ ಕೇಳಿದರು: "ಎಷ್ಟು ಉದ್ದದ ಟ್ರೈನು ಮಾರಾಯ್ತಿ ಅದು?"

"ಗೂಡ್ಸ್ ಇರಬೇಕು" ಎಂದೆ.

ಮರುದಿನ ಲ್ಯಾಪ್‌ಟಾಪು ರಿಪೇರಿಗೆ ಹೋಯಿತು. ಪರದೆಗೆ ಹೋಗುವ ಒಳಗಿನ ವೈರು ಸಡಿಲವಾಗಿತ್ತಂತೆ, ಬೇರೆ ಎಲ್ಲ ಸರಿ ಇತ್ತಂತೆ. "ನಾನು ಹೇಳಿರಲಿಲ್ಲವಾ?" ಎಂದು ಅಂಗಡಿಯವನಿಗೇ ಕಾಫಿ ಲೋಟದ ಪಾಠ ಮಾಡಿ ಬಂದರು.

ಇವತ್ತು ಬೆಳಿಗ್ಗೆ ಪುಣೆಯಿಂದ ಸುದ್ದಿ ಬಂತು. ಸೀಟು ಸಿಕ್ಕಿತು! ಅದಕ್ಕೇ ಪೇಡೆ! ಪೇಡೆ ತಿಂದ ಪಕ್ಕದ ಮನೆಯ ದಂಪತಿ ಹಿಂದೆಯೇ ನಮ್ಮ ಮನೆಗೆ ಬಂದು ಕೂತರು. ನಾನು ಅವರಿಬ್ಬರಿಗೆ, ಪ್ರಾಚಿಗೆ, ನನಗೆ ಕಾಫಿ ತಂದೆ. ಇವರಿಗೆ ತರಲಿಲ್ಲ. "ಈಗಷ್ಟೇ ಆಯ್ತು" ಎನ್ನುತ್ತಾರೆಂದು ಗೊತ್ತಲ್ಲ.

"ನನಗೆಲ್ಲಿ?" ಎಂದರು.

ನಾನು ಅವರ ಕೈಯನ್ನು ನೋಡಿದೆ.

"ಒಂದು ಲೋಟ ತಾ ಇವಳೇ. ಪೂರ್ತಿ ತುಂಬಿಸು."

ಅಂಚಿನ ತನಕ ತುಂಬಿಸಿ ತಂದುಕೊಟ್ಟೆ. ಎಲ್ಲರ ಎದುರಿಗೆ ಎತ್ತಿದರು. ಬೆರಳ ಮೇಲೆ, ಶರಟಿನ ಮೇಲೆ, ನೆಲದ ಮೇಲೆ ಕಾಫಿ ಚೆಲ್ಲಿತು. ಪಕ್ಕದ ಮನೆಯವರು ನೋಡಿಯೂ ನೋಡದ ಹಾಗೆ ಕೂತರು. ಇವರು ಒಂದು ದೊಡ್ಡ ಗುಟುಕು ಕುಡಿದು, ಪ್ರಾಚಿಯ ಕಡೆ ತಿರುಗಿ ಹೇಳಿದರು:

"ಟ್ರೈನು ಹೋಗ್ತಾ ಉಂಟು."

ಪಾಪ, ಪಕ್ಕದ ಮನೆಯವರು ಕಿಟಕಿಯ ಕಡೆ ನೋಡಿದರು. ನಾನು ಒರೆಸುವ ಬಟ್ಟೆ ತರಲು ಒಳಗೆ ಹೋದೆ. ಬಟ್ಟೆ ಬಾಗಿಲ ಹಿಂದೆಯೇ ಇತ್ತು. ಆದರೂ ಹೊರಗೆ ಬರಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.